ಮೇಲೆ ಹೊತ್ತ ಕಲ್ಲು, ಕೆಳಗಿಳಿದ ಗುಡ್ಡ

ಶನಿವಾರ ಬೆಳಗಾಯಿತೆಂದರೆ ನಮ್ಮ ಘಟ್ಟದ ತಿರುವುಗಳಲ್ಲಿ ಕಾರು, ಬೈಕುಗಳ ಸಾಲು ಆರಂಭವಾಗುತ್ತದೆ. ಭಾನುವಾರ ಸಂಜೆ ಅವು ಇಳಿದು ಹೋದ ಮೇಲೆ ಹೊಳೆಯಂಚಿನಲ್ಲಿ ಉಳಿಯುವ ಬಾಟಲಿ, ತಟ್ಟೆಗಳನ್ನು ಹೆಕ್ಕುವವರು ನಾವು. ಆದ್ದರಿಂದ ನಮ್ಮ ಸಭೆಗಳಲ್ಲಿ ಪೇಟೆಯವರ ಚಾರಣವನ್ನು ಬೈಯುವುದು ಹೆಚ್ಚುಕಡಿಮೆ ಪ್ರಾರ್ಥನೆಯಷ್ಟೇ ನಿಯಮಿತವಾಗಿ ನಡೆಯುತ್ತದೆ. 2024ರ ಆರಂಭದಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ನಂತರ, ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿದಾಗ ನಾನೂ ಸಂತೋಷಪಟ್ಟವಳೇ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಮುಜುಗರವೂ ಇತ್ತು. ನಾನೂ ನನ್ನ ಪತಿಯೂ ಒಂದು ಕಾಲದಲ್ಲಿ ಇನ್ನೊಬ್ಬರ ಬೆಟ್ಟಕ್ಕೆ ವಾರಾಂತ್ಯದಲ್ಲಿ ನುಗ್ಗಿದ ಪೇಟೆಯವರೇ ಆಗಿದ್ದೆವು.

ಅದು ನಾವಿಬ್ಬರೂ ಅಮೆರಿಕದ ಇಥಾಕಾ ಪಟ್ಟಣದಲ್ಲಿ ಡಾಕ್ಟರೇಟ್‌ಗಾಗಿ ಓದುತ್ತಿದ್ದ ಕಾಲ. ನಾನು ಮಲೆನಾಡಿನವಳು, ಮಣ್ಣಿನ ವಿದ್ಯಾರ್ಥಿ. ಅವರು ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಬೆಳೆದವರು, ನೀರಿನ ವಿದ್ಯಾರ್ಥಿ. ಪ್ರಯೋಗಾಲಯದ ಕಿಟಕಿಯಿಲ್ಲದ ಕೋಣೆಗಳಲ್ಲಿ ಮೂರು ವಾರ ಕಳೆದ ಮೇಲೆ ಒಂದು ಶುಕ್ರವಾರ ಸಂಜೆ, ಗೆಳೆಯರೊಬ್ಬರ ಹಳೆಯ ಕಾರನ್ನು ಎರವಲು ಪಡೆದು ಅಡಿರಾಂಡಾಕ್ ಬೆಟ್ಟಸಾಲಿಗೆ ಹೊರಟೆವು. ಐದು ಗಂಟೆಯ ದಾರಿ. ಮೊಸರನ್ನ, ನಿಂಬೆ ಉಪ್ಪಿನಕಾಯಿ, ಎರಡು ಹೊದಿಕೆ, ಒಂದು ನಕ್ಷೆ. ಇಷ್ಟೇ ನಮ್ಮ ಸರಂಜಾಮು. ಮರುದಿನ ಆ ರಾಜ್ಯದ ಎರಡನೆಯ ಎತ್ತರದ ಶಿಖರವಾದ ಆಲ್ಗಾನ್‌ಕ್ವಿನ್ ಏರುವುದೆಂದು ನಿಶ್ಚಯ. ಎತ್ತರ 5114 ಅಡಿ, ಒಂದು ಬದಿಗೆ ಸುಮಾರು ಏಳು ಕಿಲೋಮೀಟರ್ ನಡಿಗೆ. ನಮ್ಮ ಮುಳ್ಳಯ್ಯನಗಿರಿಗೆ ಹೋಲಿಸಿದರೆ ಕುಳ್ಳ ಬೆಟ್ಟವೇ. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೆ ವಾಹನ ಹೋಗುತ್ತದೆ, ಇಲ್ಲಿ ಅಡಿಯಿಂದಲೇ ನಡೆಯಬೇಕು.

ದಾರಿಯಲ್ಲಿ ಒಂದೆಡೆ ಕಲ್ಲುಗಳ ಸಣ್ಣ ಗುಡ್ಡೆ ಇತ್ತು. ಪಕ್ಕದಲ್ಲೊಂದು ಫಲಕ: ಕೈಲಾದರೆ ಒಂದು ಕಲ್ಲನ್ನು ಮೇಲಕ್ಕೆ ಹೊತ್ತೊಯ್ಯಿರಿ ಎಂಬ ಬಿನ್ನಹ. ಹರಕೆಯೇನೋ ಎಂದುಕೊಂಡೆ. ತಿರುಪತಿಯ ಬೆಟ್ಟ ಹತ್ತುವವರು ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುವುದನ್ನು ಕಂಡವಳಿಗೆ ಬೇರೇನು ಹೊಳೆಯಬೇಕು? ಇಬ್ಬರೂ ತೆಂಗಿನಕಾಯಿ ಗಾತ್ರದ ಒಂದೊಂದು ಕಲ್ಲನ್ನು ಚೀಲಕ್ಕೆ ಹಾಕಿಕೊಂಡೆವು. ಮರಗಳ ಸಾಲು ಮುಗಿದು ಬೋಳು ಬಂಡೆ ಆರಂಭವಾಗುವಷ್ಟರಲ್ಲಿ ನನ್ನ ಬೆನ್ನು ಆ ಕಲ್ಲನ್ನು ಶಪಿಸತೊಡಗಿತ್ತು.

ಶಿಖರದಲ್ಲಿ ಒಬ್ಬ ಕಾಲೇಜು ಹುಡುಗಿ ನಿಂತಿದ್ದಳು. ನಮ್ಮ ಕಲ್ಲುಗಳನ್ನು ನಗುತ್ತ ತೆಗೆದುಕೊಂಡು, ಅದೇ ಉಸಿರಿನಲ್ಲಿ ನನ್ನ ಪತಿಗೆ, ದಯವಿಟ್ಟು ಹುಲ್ಲಿನ ಮೇಲಿಂದ ಕಾಲು ತೆಗೆದು ಬಂಡೆಯ ಮೇಲೆ ನಿಲ್ಲಿ ಎಂದಳು. ಅವರ ಬೂಟಿನ ಕೆಳಗಿದ್ದದ್ದು ಸಾಧಾರಣ ಹುಲ್ಲಲ್ಲ. ಹಿಮಯುಗ ಸರಿದು ಹೋದಾಗ ಹಿಂದುಳಿದು, ಆ ಕೆಲವೇ ಶಿಖರಗಳ ನೆತ್ತಿಯಲ್ಲಿ ಬದುಕುಳಿದ ಸಸ್ಯಸಮುದಾಯ. ಗಾಳಿ, ಹಿಮ, ಚಳಿ ಎಲ್ಲವನ್ನೂ ತಾಳಬಲ್ಲದು, ಮನುಷ್ಯನ ಕಾಲನ್ನು ಮಾತ್ರ ತಾಳದು. ಕಾಲು ಬಿದ್ದಲ್ಲಿ ಬೇರು ಸಡಿಲುತ್ತದೆ, ಬೆರಳುದ್ದದ ಮಣ್ಣು ಮಳೆಗೆ ತೊಳೆದುಹೋಗುತ್ತದೆ, ಆಮೇಲೆ ಉಳಿಯುವುದು ಬರಿ ಬಂಡೆ. ನಾವು ಹೊತ್ತ ಕಲ್ಲುಗಳು ಅಲ್ಲಿ ದಾರಿಯ ಅಂಚು ಕಟ್ಟಲು, ಬತ್ತಲಾದ ಮಣ್ಣನ್ನು ಹಿಡಿದು ನಿಲ್ಲಿಸಲು ಬಳಕೆಯಾಗುತ್ತಿದ್ದವು.

ಈ ಕಥೆಯ ಹಿಂದೆ ಎಡ್ವಿನ್ ಕೆಚ್‌ಲೆಜ್ ಎಂಬ ಸಸ್ಯವಿಜ್ಞಾನಿ ಇದ್ದಾರೆ. 1960ರ ದಶಕದಲ್ಲಿ ಚಾರಣಿಗರ ತುಳಿತದಿಂದ ಶಿಖರಗಳು ಬೋಳಾಗುತ್ತಿದ್ದುದನ್ನು ಕಂಡು, ಹುಲ್ಲಿನ ಬೀಜ, ಗೊಬ್ಬರಗಳನ್ನು ಬೆನ್ನ ಮೇಲೆ ಹೊತ್ತೊಯ್ದು ಮಣ್ಣು ನಿಲ್ಲಿಸುವ ಪ್ರಯೋಗ ಮಾಡಿದವರು. ಮೊದಲು ಸಾಮಾನ್ಯ ಹುಲ್ಲು ಮಣ್ಣು ಹಿಡಿಯಿತು, ನಿಧಾನವಾಗಿ ಅಲ್ಲಿನದೇ ಗಿಡಗಳು ಮರಳಿದವು. ಆದರೆ ಜನರ ಕಾಲು ಬದಲಾಗದೆ ಬೀಜದಿಂದ ಪ್ರಯೋಜನವಿಲ್ಲವೆಂದು ಅರಿತು, 1980ರ ದಶಕದ ಕೊನೆಗೆ ಶಿಖರಪಾಲಕರನ್ನು ನಿಲ್ಲಿಸುವ ವ್ಯವಸ್ಥೆಗೆ ಕಾರಣರಾದರು. ಆ ಹುಡುಗಿಯ ಕೈಯಲ್ಲಿ ದಂಡದ ರಸೀತಿ ಪುಸ್ತಕವಿರಲಿಲ್ಲ. ಮಾತನಾಡುವುದೇ ಅವಳ ಕೆಲಸ. ಕೃಷಿ ವಿಸ್ತರಣೆಯ ಪಾಠಗಳಲ್ಲಿ ಎಷ್ಟೋ ಸಿದ್ಧಾಂತ ಓದಿದ್ದ ನನಗೆ ಆ ಐದು ನಿಮಿಷದ ವಿಸ್ತರಣೆ ಇಂದಿಗೂ ನೆನಪಿದೆ.

ಆ ನಾಡು ಪುಣ್ಯವಂತರ ನಾಡೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಾವು ಏರಿದ ಬೆಟ್ಟಸಾಲಿನ ಹೆಸರೇ ಮೆಕಿಂಟೈರ್, ಕಬ್ಬಿಣದ ಕುಲುಮೆಯ ಒಡೆಯನೊಬ್ಬನ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಾಡುಗಳನ್ನು ಮರಕ್ಕಾಗಿ, ಇದ್ದಿಲಿಗಾಗಿ ನಿರ್ದಯವಾಗಿ ಕಡಿದರು. ಕಾಡನ್ನು ಕಾಯಬೇಕೆಂಬ ಕೂಗು ಎದ್ದಾಗ ಅದರಲ್ಲಿ ದೊಡ್ಡ ದನಿ ಬೆಟ್ಟದ ತಪ್ಪಲಿನದಾಗಿರಲಿಲ್ಲ, ನೂರಾರು ಕಿಲೋಮೀಟರ್ ಕೆಳಗಿನ ನ್ಯೂಯಾರ್ಕ್ ನಗರದ ವರ್ತಕರದಾಗಿತ್ತು. ಕಾಡು ಹೋದರೆ ಹಡ್ಸನ್ ನದಿಯೂ ಸರಕು ಸಾಗುವ ಈರೀ ಕಾಲುವೆಯೂ ಬತ್ತುತ್ತವೆಂಬ ಭಯ ಅವರದು. ಆ ಭಯದಿಂದಲೇ 1885ರಲ್ಲಿ ಅರಣ್ಯ ಸಂರಕ್ಷಣೆಯ ಕಾಯ್ದೆ, 1892ರಲ್ಲಿ ಅಡಿರಾಂಡಾಕ್ ಉದ್ಯಾನ, 1894ರಲ್ಲಿ ಈ ಸರ್ಕಾರಿ ಕಾಡು ಎಂದೆಂದಿಗೂ ಕಾಡಾಗಿಯೇ ಇರತಕ್ಕದ್ದು ಎಂಬ ಮಾತು ರಾಜ್ಯದ ಸಂವಿಧಾನದಲ್ಲೇ ಬಂದವು. ಬದಲಿಸಬೇಕಾದರೆ ಶಾಸನಸಭೆಯ ಎರಡು ಅವಧಿಗಳ ಒಪ್ಪಿಗೆಯ ಜೊತೆಗೆ ಇಡೀ ರಾಜ್ಯದ ಮತದಾರರ ಒಪ್ಪಿಗೆಯೂ ಬೇಕು. ಸುಮಾರು 60 ಲಕ್ಷ ಎಕರೆಯ ಆ ಉದ್ಯಾನದಲ್ಲಿ ಹೆಚ್ಚುಕಡಿಮೆ ಅರ್ಧ ಖಾಸಗಿ ಜಮೀನು. ಊರುಗಳಿವೆ, ಶಾಲೆಗಳಿವೆ, ಸ್ಮಶಾನಗಳಿವೆ. ಕಾಡು ಉಳಿಯಬೇಕಾದರೆ ಜನ ಹೊರಡಬೇಕು ಎಂಬ ವಾದವನ್ನೇ ಕೇಳುತ್ತ ಬೆಳೆದ ನನ್ನಂಥವಳಿಗೆ ಅದೊಂದು ಬೇರೆ ಪಾಠ.

ರಜೆಯಲ್ಲಿ ಊರಿಗೆ ಬಂದಾಗ ಸಿರುಗುಪ್ಪದ ಮನೆಯಲ್ಲಿ ಈ ಶಿಖರದ ಚಿತ್ರಗಳನ್ನು ಹೆಮ್ಮೆಯಿಂದ ತೋರಿಸಿದೆವು. ಅತ್ತೆಯವರು ಒಂದೊಂದನ್ನೂ ಕನ್ನಡಕ ಸರಿಪಡಿಸಿಕೊಂಡು ನೋಡಿ, “ಗುಡ್ಡ ಹತ್ತಾಕ ಅಷ್ಟು ದೂರ ಹೋಗಬೇಕಿತ್ತೇನಮ್ಮಾ? ನಮ್ಮ ತೆಕ್ಕಲಕೋಟೆ ಗುಡ್ಡ ಏನು ಕಡಿಮಿ ಆಗಿತ್ತು?” ಎಂದು ಕೇಳಿದರು. ಮಗನ ಕಡೆ ತಿರುಗಿ, “ನೀನರ ಹತ್ತೀ ಏನಪ್ಪಾ ಅದನ್ನ?” ಎಂದರು. ಅವರು ಹತ್ತಿರಲಿಲ್ಲ. ಬಸ್ಸಿನ ಕಿಟಕಿಯಿಂದ ಸಾವಿರ ಸಲ ಕಂಡಿದ್ದರು, ಅಷ್ಟೇ.

ಮುಂದಿನ ಶನಿವಾರವೇ ಹೊರಟೆವು. ಬಳ್ಳಾರಿಯಲ್ಲಿ ಬೆಳಗಿನ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಗಿಸಿ ಊರಿಗೆ ಹತ್ತಿರದಲ್ಲೇ ಇರುವ ಸಂಗನಕಲ್ಲಿನ ಗುಡ್ಡಗಳಿಗೆ ಹೋದೆವು. ಹಸಿರನ್ನೇ ಬೆಟ್ಟವೆಂದು ತಿಳಿದ ಮಲೆನಾಡಿನ ಕಣ್ಣಿಗೆ ಅವು ಮೊದಲು ಬೆಟ್ಟಗಳೇ ಅಲ್ಲ, ಯಾರೋ ಸುರಿದು ಹೋದ ಬಂಡೆಗಳ ರಾಶಿ. ಆದರೆ ಹಿರೇಗುಡ್ಡದ ನೆತ್ತಿಯ ಕಪ್ಪು ಡಾಲರೈಟ್ ಶಿಲೆಗಳ ನಡುವೆ ಒಂದು ಗಂಟೆ ನಡೆದ ಮೇಲೆ ನನ್ನ ಮಾತು ನಿಂತಿತು. ನೀಳ ಕೊಂಬಿನ ದನಗಳು, ಮನುಷ್ಯರು, ಬಂಡೆಯಿಂದ ಬಂಡೆಗೆ ಕುಟ್ಟಿ ಬಿಡಿಸಿದ ಚಿತ್ರಗಳು. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡುತ್ತವೆ; ತಟ್ಟಿ ತಟ್ಟಿ ಸವೆದ ಗುಳಿಗಳು ಸಾವಿರಾರು ವರ್ಷಗಳಷ್ಟು ಹಳೆಯವು. ನವಶಿಲಾಯುಗದ ಜನ ಇಲ್ಲಿ ಕಲ್ಲುಗೊಡಲಿಗಳನ್ನು ತಯಾರಿಸುತ್ತಿದ್ದರು. ಅವರೂ ಈ ಗುಡ್ಡದಿಂದ ಕಲ್ಲು ತೆಗೆದವರೇ, ಆದರೆ ಕೈಯಲ್ಲಿ ಹಿಡಿಯುವಷ್ಟು.

ಬೆಂಡಪೂಡಿ ಸುಬ್ಬರಾವ್ ಅವರು 1940ರ ದಶಕದಲ್ಲಿ ಇಲ್ಲಿ ಉತ್ಖನನ ಮಾಡಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ಪ್ರಕಟಿಸಿದರು. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಅವರು ತೆಕ್ಕಲಕೋಟೆಯಲ್ಲಿ ಅಗೆದರು. ಅನಂತರ ಧಾರವಾಡದ ರವಿ ಕೋರಿಶೆಟ್ಟರ್ ಹಾಗೂ ವಿದೇಶದ ಸಂಶೋಧಕರು ಸೇರಿ ಇಲ್ಲಿನ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಗುರುತಿಸಿದರು. ಅವು ಯಾವುವು ಗೊತ್ತೆ? ಕೊರಲೆ, ಹುರುಳಿ, ಹೆಸರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳಲ್ಲಿ ಬೆಳೆದು ತಿಂದದ್ದು. ಐನೂರು ಮಿಲಿಮೀಟರ್ ಮಳೆಯ ನೆಲಕ್ಕೆ ತಕ್ಕ ಬೆಳೆಯನ್ನು ಯಾವ ಸಂಶೋಧನಾ ಕೇಂದ್ರವೂ ಇಲ್ಲದ ಕಾಲದಲ್ಲಿ ಆರಿಸಿಕೊಂಡಿದ್ದರು. ಕೃಷಿ ವಿಜ್ಞಾನದಲ್ಲಿ ಪದವಿಗಳ ಮೇಲೆ ಪದವಿ ಪಡೆದ ನನಗೆ ಇದನ್ನು ಯಾವ ತರಗತಿಯಲ್ಲೂ ಯಾರೂ ಹೇಳಿರಲಿಲ್ಲ. ಇಥಾಕಾದ ಗ್ರಂಥಾಲಯದಲ್ಲಿ ಓದಿ ತಿಳಿಯಬೇಕಾಯಿತು.

ಅದೇ ಗುಡ್ಡದ ಇನ್ನೊಂದು ಬದಿಗೆ ಬಂದಾಗ ಕಂಡದ್ದು ಕತ್ತರಿಸಿ ತೆಗೆದ ಕಲ್ಲಿನ ಗಾಯ. ಗ್ರಾನೈಟ್ ಗಣಿಯಿಂದ ಈ ಚಿತ್ರಗಳಿಗೆ ಅಪಾಯವಿದೆಯೆಂದು ಸಂಶೋಧಕರು 2000ರ ದಶಕದ ಮೊದಲ ವರ್ಷಗಳಲ್ಲೇ ಎಚ್ಚರಿಸಿದ್ದರು. ಅಷ್ಟರಲ್ಲಿ ಒಂದಿಷ್ಟು ಗುಡ್ಡ ಜಲ್ಲಿಯಾಗಿ ಲಾರಿಯೇರಿ ಹೋಗಿತ್ತು. ಆಲ್ಗಾನ್‌ಕ್ವಿನ್‌ಗೆ ನಾವು ಹೊತ್ತ ಆ ಎರಡು ಕಲ್ಲುಗಳು ಅಲ್ಲಿ ನನ್ನ ನೆನಪಿಗೆ ಬಂದವು.

ಮಧ್ಯಾಹ್ನ ಕುರುಗೋಡಿನಲ್ಲಿ ಏಕಶಿಲೆಯ ದೊಡ್ಡಬಸವನಿಗೆ ಕೈಮುಗಿದು ಹಿಂದಿನ ಗುಡ್ಡವನ್ನು ಅರ್ಧ ಹತ್ತಿದೆವು. ದಾರಿಯೆಂಬುದು ಆಡುಗಳು ಮಾಡಿದ ದಾರಿ. ದೇವಸ್ಥಾನಕ್ಕೆ ಬಂದವರು ನೂರಾರು ಮಂದಿ, ಗುಡ್ಡದ ಮೇಲೆ ನಾವಿಬ್ಬರು ಮತ್ತು ಒಬ್ಬ ಆಡು ಕಾಯುವ ಹುಡುಗ. ಕೋಟೆಗೋಡೆ, ಹಳೆಯ ಮಡಕೆಯ ಚೂರು ಎಲ್ಲೆಲ್ಲಿವೆಯೆಂದು ಅವನಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಇಂತಹ ಹುಡುಗನೊಬ್ಬನಿಗೆ ಶಿಖರಪಾಲಕನ ಕೆಲಸವನ್ನೂ ಸಂಬಳವನ್ನೂ ಕೊಡಲು ನಮಗೆ ಏನು ಅಡ್ಡಿ ಎಂಬುದೇ ನನ್ನ ಪ್ರಶ್ನೆ. ಬಳ್ಳಾರಿ ನಗರದಲ್ಲಿ ಈಗ ಸಂಗನಕಲ್ಲಿನ ವಸ್ತುಸಂಗ್ರಹಾಲಯವಿದೆ, ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲಿ. ಒಳ್ಳೆಯ ಕೆಲಸ. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಕೊಡಲಿ ಗುಡ್ಡವನ್ನು ಕಾಯಲಾರದು. ಜನ ನಡೆಯದ ಗುಡ್ಡ ಕಂದಾಯದ ಕಡತದಲ್ಲಿ ಪಾಳು ಬಂಡೆಯಾಗಿಯೇ ಉಳಿಯುತ್ತದೆ, ಪಾಳು ಬಂಡೆಗೆ ಗಿರಾಕಿ ಬೇಗ ಸಿಗುತ್ತಾನೆ. ಸಂಗನಕಲ್ಲು, ಕುರುಗೋಡು, ತೆಕ್ಕಲಕೋಟೆಗಳ ನಡುವೆ ಗುರುತು ಮಾಡಿದ ಕಾಲುದಾರಿ ಬೇಕು. ಪ್ರವೇಶ ಶುಲ್ಕ ಆಯಾ ಗ್ರಾಮ ಪಂಚಾಯಿತಿಗೆ ಸಲ್ಲಬೇಕು, ಒಂದು ದಿನಕ್ಕೆ ಇಷ್ಟೇ ಜನವೆಂಬ ಮಿತಿ ಮೊದಲ ದಿನದಿಂದಲೇ ಇರಬೇಕು. ಜನ ಕಿಕ್ಕಿರಿದ ಮೇಲೆ ಬಾಗಿಲು ಹಾಕುವ ಅನುಭವ ನಮಗೆ ಸಾಕಷ್ಟಾಗಿದೆ.

ನಡಿಗೆಯೂ ಬೆಟ್ಟವನ್ನು ಸವೆಸುತ್ತದಲ್ಲ ಎಂದು ನಮ್ಮವರು ಆಕ್ಷೇಪಿಸಬಹುದು. ನಿಜ, ನನ್ನ ಪತಿಯ ಬೂಟೇ ಸಾಕ್ಷಿ. ಆದರೆ ತುಳಿದ ಹುಲ್ಲನ್ನು ಕೆಚ್‌ಲೆಜ್ ಮರಳಿ ಬೆಳೆಸಿದರು. ಸಿಡಿಮದ್ದಿಗೆ ಸಿಕ್ಕ ಬಂಡೆಚಿತ್ರವನ್ನು ಮರಳಿ ತರುವ ವಿಜ್ಞಾನ ನನಗೆ ತಿಳಿದಿಲ್ಲ.

ಸಂಜೆ ತೆಕ್ಕಲಕೋಟೆಯ ಗುಡ್ಡದ ಮೇಲಿಂದ ಸಿರುಗುಪ್ಪದ ಕಡೆ ನೋಡಿದಾಗ ದಿಗಂತದವರೆಗೂ ಭತ್ತ. ಆ ಹಸಿರು ಬಳ್ಳಾರಿಯ ಮಳೆಯದಲ್ಲ, ನಮ್ಮ ಮಲೆನಾಡಿನ ಮಳೆಯದು. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಭದ್ರೆಯರು ಕೂಡ್ಲಿಯಲ್ಲಿ ಸೇರಿ, ಹೊಸಪೇಟೆಯ ಜಲಾಶಯದಲ್ಲಿ ತಂಗಿ, ಕಾಲುವೆಯಾಗಿ ಇಲ್ಲಿಗೆ ಬರುತ್ತಾರೆ. ನೀರಿನೊಂದಿಗೆ ಮೇಲಿನ ಮಣ್ಣೂ ಬರುತ್ತದೆ. 1953ರಲ್ಲಿ ನೀರು ತುಂಬತೊಡಗಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಇಡೀ ನಾಡು ಗಾಬರಿಯಾಯಿತು. ಹೂಳಿನಿಂದ ಕಳೆದುಹೋದ ನೀರು ಅದಕ್ಕಿಂತ ಕಡಮೆಯದೇನಲ್ಲ, ಸದ್ದು ಮಾಡದೆ ಹೋಯಿತು ಅಷ್ಟೇ. ಕುದುರೆಮುಖದ ಗಣಿಗಾರಿಕೆಯ ವಿರುದ್ಧ ನಾವು ಹೋರಾಡುತ್ತಿದ್ದಾಗ, 2005ರ ಕೊನೆಗೆ ಅದು ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಾಗ, ಸಿರುಗುಪ್ಪದ ರೈತರು ಅದನ್ನು ತಮ್ಮ ಗದ್ದೆಯ ಸಂಗತಿಯೆಂದು ಭಾವಿಸಿದ್ದರೆ? ಹಾಗೆಯೇ 2011ರಲ್ಲಿ ಬಳ್ಳಾರಿಯ ಗಣಿಗಳನ್ನು ಅದೇ ನ್ಯಾಯಾಲಯ ತಡೆದಾಗ ನಾವು ಮಲೆನಾಡಿನವರು ಪತ್ರಿಕೆ ಓದಿ ಮಡಚಿಟ್ಟವರೇ ಅಲ್ಲವೆ? ನ್ಯೂಯಾರ್ಕಿನ ವರ್ತಕರಿಗೆ ಕಾಲುವೆಯ ಮೇಲಿದ್ದ ಸ್ವಾರ್ಥ ಕಾಡನ್ನು ಉಳಿಸಿತು. ಸಿರುಗುಪ್ಪದ ಕಾಲುವೆಯ ಸ್ವಾರ್ಥವನ್ನು ನಾವು ಈತನಕ ಮಾತನಾಡಿಸಿಯೇ ಇಲ್ಲ.

ಆದ್ದರಿಂದ ಒಂದು ಸಣ್ಣ ಆರಂಭ. ಬರುವ ಮಾರ್ಗಶಿರದಲ್ಲಿ, ಬಳ್ಳಾರಿಯ ಬಿಸಿಲು ಸಹ್ಯವಾಗಿರುವಾಗ, ನಮ್ಮ ಕಡೆಯ ಹದಿನೈದು ವಿದ್ಯಾರ್ಥಿಗಳನ್ನು ಈ ಮೂರು ಗುಡ್ಡಗಳಿಗೆ ಕರೆದೊಯ್ಯುತ್ತೇವೆ. ಮಳೆಗಾಲ ಕಳೆದ ಮೇಲೆ ಸಿರುಗುಪ್ಪದ ಹದಿನೈದು ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಮನೆಗಳಲ್ಲಿ ಇಳಿದುಕೊಳ್ಳುವ ವ್ಯವಸ್ಥೆ ಮಾಡಬಲ್ಲವರು ತಿಳಿಸಿರಿ. ಸಂಗನಕಲ್ಲಿಗೆ ಬರುವವರು ತಲೆಗೆ ಟವೆಲು, ಎರಡು ಲೀಟರು ನೀರು ತರತಕ್ಕದ್ದು, ಗುಡ್ಡದ ಮೇಲೆ ನೆರಳೂ ಇಲ್ಲ, ನೀರೂ ಇಲ್ಲ. ದನಿಗೊಡುವ ಬಂಡೆಗಳನ್ನು ಕಣ್ಣಾರೆ ನೋಡಿರಿ, ತಟ್ಟಬೇಡಿರಿ. ರಾತ್ರಿಯ ಊಟ ಅತ್ತೆಯವರ ಮನೆಯಲ್ಲಿ, ಕೊರಲೆ ಅನ್ನ ಹುರುಳಿ ಸಾರು ಮಾಡುವೆನೆಂದು ಈಗಲೇ ಹೇಳಿದ್ದಾರೆ.