ಸೆರೆಯಲ್ಲಿದ್ದು ಬದುಕಿದ ಚಿತ್ರ

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಒಂಬೈನೂರು ವರ್ಷ ತುಂಬಿತು. ಅದರ ಚರಿತ್ರೆಯನ್ನು ಬರೆಯಹೊರಟವನಿಗೆ ಕಲ್ಲು ಎದುರಿಗೇ ನಿಂತಿದೆ. ಶಾಸನವಿದೆ. ಕಟ್ಟಿಸಿದವರಾರು, ಯಾವ ವರ್ಷ ಎಂಬುದಕ್ಕೆ ಆಧಾರವಿದೆ. ಕೆಲವು ಮದನಿಕೆಯರ ಕೆಳಗೆ ಕೆತ್ತಿದ ಶಿಲ್ಪಿಯ ಹೆಸರೂ ಉಂಟು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಅದಕ್ಕಿನ್ನೂ ನೂರು ವರ್ಷ ತುಂಬಿಲ್ಲ. ಆದರೆ ಆ ಚಿತ್ರದ ಒಂದು ಅಡಿ ಫಿಲ್ಮನ್ನಾದರೂ ಇಂದು ಯಾರೂ ತೆಗೆದು ತೋರಿಸಲಾರರು.

ಚಿತ್ರರಂಗದ ಬಾಲ್ಯವನ್ನು ಕುರಿತು ಸಾಕ್ಷ್ಯಚಿತ್ರ ತೆಗೆಯುತ್ತೇನೆಂದು ಹೊರಡುವವರ ಪಾಡು ಇದು. ಕ್ಯಾಮರಾ ಇದೆ, ಉತ್ಸಾಹವಿದೆ, ಕಾಲಕ್ಕೆ ತಕ್ಕ ಎಲ್ಲ ಸಲಕರಣೆಯೂ ಇದೆ. ತೋರಿಸಬೇಕಾದ ವಸ್ತುವೇ ಇಲ್ಲ. ‘ಸತಿ ಸುಲೋಚನ’ವನ್ನು ವೈ. ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಭಾಷಣೆ, ಹಾಡು ಬರೆದರು, ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರು, ನಾಗೇಂದ್ರರಾಯರು ರಾವಣನಾದರು, ತ್ರಿಪುರಾಂಬ ಸುಲೋಚನೆಯಾದರು, ಕೊಲ್ಲಾಪುರದ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಯಿತು. ಇಷ್ಟೆಲ್ಲವನ್ನೂ ಹೇಳಬಹುದು. ಆದರೆ ನಾಟಕದ ಕಂಪನಿಯಿಂದ ನೇರವಾಗಿ ಕ್ಯಾಮರಾದ ಮುಂದೆ ಬಂದು ನಿಂತ ಆ ರಾವಣ ಹೇಗೆ ಗರ್ಜಿಸಿದ? ರಂಗಮಂದಿರದ ಕಟ್ಟಕಡೆಯ ಬೆಂಚಿಗೂ ಕೇಳಿಸಬೇಕೆಂದು ಪಳಗಿದ್ದ ಕಂಠ, ಮೈಕಿನ ಎದುರಿಗೆ ತಗ್ಗಿತೋ ಇಲ್ಲವೋ? ಇದು ಯಾವ ಪುಸ್ತಕದಿಂದಲೂ ತಿಳಿಯುವ ಸಂಗತಿಯಲ್ಲ. ಅಂದಿನ ಕನ್ನಡದ ಉಚ್ಚಾರಣೆ, ಕಂದಪದ್ಯವನ್ನು ರಾಗವಾಗಿ ಹೇಳುವ ಆ ಠೀವಿ, ನಡೆ, ನಿಲುವು, ಎಲ್ಲವೂ ಆ ಸುರುಳಿಯೊಡನೆಯೇ ಹೋದುವು.

ಹೋದದ್ದಾದರೂ ಎಲ್ಲಿಗೆ? ಅದರ ಕಾರಣ ಅರ್ಧ ರಸಾಯನಶಾಸ್ತ್ರ, ಅರ್ಧ ವ್ಯಾಪಾರ. ಆ ಕಾಲದ ಫಿಲ್ಮು ನೈಟ್ರೇಟಿನದು. ಬಂದೂಕಿನ ಮದ್ದಿಗೆ ಅದು ದಾಯಾದಿ. ಒಮ್ಮೆ ಹೊತ್ತಿಕೊಂಡಿತೆಂದರೆ ಹೊರಗಿನ ಗಾಳಿಯೂ ಬೇಡ, ನೀರಿನೊಳಗೂ ಉರಿಯುತ್ತದೆ. ಬೆಂಕಿ ಬೀಳದಿದ್ದರೂ ಸುಮ್ಮನಿರುವ ಜಾತಿಯಲ್ಲ. ನಮ್ಮ ಸೆಕೆಗೂ ತೇವಕ್ಕೂ ಮೊದಲು ಅಂಟಂಟಾಗಿ, ಆಮೇಲೆ ಕಂದುಬಣ್ಣದ ಪುಡಿಯಾಗಿ ಡಬ್ಬದಲ್ಲೇ ಸಾಯುತ್ತದೆ. ವ್ಯಾಪಾರದ ಕತೆ ಇನ್ನೂ ಸರಳ. ಪಟ್ಟಣದಲ್ಲಿ ಓಡಿದ ಚಿತ್ರ ಊರೂರು ತಿರುಗಿ, ಟೆಂಟುಗಳಲ್ಲಿ ಗೀರುಬಿದ್ದು, ಹರಿದು, ಅಂಟಿಸಿಕೊಂಡು ಮತ್ತೆ ಹರಿದು, ಕೊನೆಗೆ ಯಾರಿಗೂ ಬೇಡವಾಗುತ್ತಿತ್ತು. ಆದರೆ ಕಪ್ಪು ಬಿಳುಪು ಫಿಲ್ಮಿನ ಮೈಮೇಲಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ನಾವು ಅಕ್ಕರೆಯಿಂದ ಕರೆಯುವ ಬೆಳ್ಳಿತೆರೆಯ ನಿಜವಾದ ಬೆಳ್ಳಿ ಅದು. ತೊಳೆದು ತೆಗೆದರೆ ನಾಲ್ಕು ಕಾಸು ಬರುತ್ತದೆ. ಗೋದಾಮಿನ ಬಾಡಿಗೆಯೂ ಉಳಿಯುತ್ತದೆ. ಮೂಕಿಯುಗದಲ್ಲಿ ಭಾರತದಲ್ಲಿ ತಯಾರಾದ ಕಥಾಚಿತ್ರಗಳು 1,300ಕ್ಕೂ ಹೆಚ್ಚು. ಪೂರ್ತಿಯಾಗಿ ಉಳಿದವು ಬೆರಳೆಣಿಕೆಯಷ್ಟು.

ದಕ್ಷಿಣ ಭಾರತದ ಮೊದಲ ಮೂಕಿ ಕಥಾಚಿತ್ರವೆನ್ನುವ ‘ಕೀಚಕವಧಂ’ ಕೂಡ ಹೀಗೆಯೇ ಮಾಯವಾಯಿತು. ಮದರಾಸಿನಲ್ಲಿ ಮೋಟಾರಿನ ಬಿಡಿಭಾಗಗಳ ವ್ಯಾಪಾರ ಮಾಡುತ್ತಿದ್ದ ನಟರಾಜ ಮೊದಲಿಯಾರರು 1910ರ ದಶಕದ ಕೊನೆಯಲ್ಲಿ ಅದನ್ನು ತೆಗೆದರು. ಮದರಾಸಿನ ಸೆಕೆಯಲ್ಲಿ ಫಿಲ್ಮು ತೊಳೆಯುವುದು ಕಷ್ಟವೆಂದು ಅದಕ್ಕಾಗಿ ನಮ್ಮ ಬೆಂಗಳೂರಿನಲ್ಲಿ ಒಂದು ಪ್ರಯೋಗಶಾಲೆಯನ್ನು ಏರ್ಪಡಿಸಿ, ವಾರದ ಕೊನೆಗೆ ಬಂದು ಹೋಗುತ್ತಿದ್ದರಂತೆ. ಬೆಂಗಳೂರಿನ ತಂಪಿಗೆ ಚರಿತ್ರೆಯಲ್ಲಿ ಇಂಥದೊಂದು ಉಪಯೋಗವೂ ಆಗಿತ್ತೆಂಬುದು ಎಷ್ಟು ಜನಕ್ಕೆ ಗೊತ್ತು!

ಈ ಎಲ್ಲ ಕತ್ತಲೆಯೊಳಗೆ ದೀಪ ಹಿಡಿದು ನಡೆದವರೊಬ್ಬರಿದ್ದರು. ತಿರುವನಂತಪುರದಲ್ಲಿ 1933ರಲ್ಲಿ ಹುಟ್ಟಿದ ಪಿ. ಕೆ. ನಾಯರ್. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದಾಗ ಅದನ್ನು ಕಟ್ಟಿ ನಿಲ್ಲಿಸಿದವರು ಅವರು. 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅಲ್ಲಿ ಸುಮಾರು 12,000 ಚಿತ್ರಗಳು ಸೇರಿದ್ದುವು. (ಆ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ಸೇರಿತು.) ಈ ನಾಯರರನ್ನೇ ನಾಯಕರನ್ನಾಗಿ ಮಾಡಿಕೊಂಡು ಶಿವೇಂದ್ರ ಸಿಂಗ್ ಡುಂಗರಪುರ ಎಂಬವರು ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರವನ್ನು 2012ರಲ್ಲಿ ಮುಗಿಸಿದರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ಕ್ಕೆ ನೂರು ತುಂಬಿದ ದಿನ, 2013ರ ಮೇ 3ರಂದು, ಅದು ಇಲ್ಲಿ ಬಿಡುಗಡೆಯಾಯಿತು. ಎರಡೂಮುಕ್ಕಾಲು ಗಂಟೆಯ ಚಿತ್ರ. ಉದ್ದವಾಯಿತೆಂದು ಗೊಣಗಿದವರುಂಟು; ನನಗೇನೋ ಹಾಗನ್ನಿಸಲಿಲ್ಲ.

ಪುಣೆಯ ಚಲನಚಿತ್ರ ವಿದ್ಯಾಲಯದಲ್ಲಿ ಕಲಿತ ಡುಂಗರಪುರರು ಮುದುಕರಾದ ನಾಯರರನ್ನು ಡಬ್ಬಗಳ ನಡುವೆ ನಿಲ್ಲಿಸಿ ಮಾತಾಡಿಸುತ್ತಾರೆ. ಇಂಥ ಚಿತ್ರದ ಇಂಥ ದೃಶ್ಯ ಎಷ್ಟನೆಯ ರೀಲಿನಲ್ಲಿದೆ ಎಂಬುದನ್ನು ಅವರು ಪಂಚಾಂಗ ಹೇಳಿದಂತೆ ಹೇಳಿಬಿಡುತ್ತಾರೆ. ಕತ್ತಲೆಯಲ್ಲಿ ಕುಳಿತು, ಸಣ್ಣ ಟಾರ್ಚಿನ ಬೆಳಕಿನಲ್ಲಿ ಟಿಪ್ಪಣಿ ಬರೆದುಕೊಳ್ಳುವುದು ಅವರ ಅಭ್ಯಾಸ. ಹುಡುಗನಾಗಿದ್ದಾಗ ಸಿನಿಮಾ ಟಿಕೆಟ್ಟಿನ ಚೂರುಗಳನ್ನು ಕೂಡಿಡುತ್ತಿದ್ದರಂತೆ. ಮುಂದೆ ಮಾಡಿದ್ದೂ ಹೆಚ್ಚು ಕಡಮೆ ಅದೇ ಕೆಲಸ. ಫಾಲ್ಕೆಯವರ ಮನೆಯವರಿಂದ ‘ರಾಜಾ ಹರಿಶ್ಚಂದ್ರ’ದ ಉಳಿದ ರೀಲುಗಳನ್ನೂ, ಫಾಲ್ಕೆಯವರ ಮಗಳು ಮಂದಾಕಿನಿ ಬಾಲಕೃಷ್ಣನಾಗಿ ನಟಿಸಿದ ‘ಕಾಲಿಯ ಮರ್ದನ’ವನ್ನೂ ಅವರು ಉಳಿಸಿಕೊಂಡರು. ಎಲ್ಲ ಕಡೆಯೂ ಅದೃಷ್ಟ ಹಾಗಿರಲಿಲ್ಲ. ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ವನ್ನು ಹುಡುಕಿಕೊಂಡು ಅದರ ನಿರ್ಮಾಪಕ ಅರ್ದೇಶಿರ್ ಇರಾನಿಯವರಲ್ಲಿಗೆ ಹೋದರೆ, ಕೆಲವು ರೀಲುಗಳು ಎಲ್ಲಿಯೋ ಇರಬೇಕು ಎಂದರಂತೆ ಆ ವೃದ್ಧರು. ಹೊರಗೆ ಬಂದಮೇಲೆ ಅವರ ಮಗ ನಾಯರರನ್ನು ಪಕ್ಕಕ್ಕೆ ಕರೆದು, ಬೆಳ್ಳಿಗಾಗಿ ಅವನ್ನು ತಾನೇ ವಿಲೇವಾರಿ ಮಾಡಿದ್ದಾಗಿ ಹೇಳಿದನಂತೆ. ತಂದೆಗೆ ಆ ವಿಷಯ ಗೊತ್ತಿರಲಿಲ್ಲ.

ಇನ್ನು ಈ ಲೇಖನದ ತಲೆಬರಹಕ್ಕೆ ಬರೋಣ. ನಾಯರರು ಹುಟ್ಟಿದ ವರ್ಷ, ಅದೇ ತಿರುವನಂತಪುರದಲ್ಲಿ ‘ಮಾರ್ತಾಂಡವರ್ಮ’ ಎಂಬ ಮೂಕಿಚಿತ್ರ ತೆರೆಗೆ ಬಂತು. ಸಿ. ವಿ. ರಾಮನ್ ಪಿಳ್ಳೆಯವರು 1891ರಲ್ಲಿ ಪ್ರಕಟಿಸಿದ ಪ್ರಸಿದ್ಧ ಐತಿಹಾಸಿಕ ಕಾದಂಬರಿಯ ಕಥೆ, ನಿರ್ಮಾಪಕರು ನಾಗರಕೋಯಿಲಿನ ಸುಂದರರಾಜ್, ನಿರ್ದೇಶಕರು ಪಿ. ವಿ. ರಾವ್. ಕಾದಂಬರಿಯ ಹಕ್ಕು ಕಮಲಾಲಯ ಬುಕ್ ಡಿಪೊ ಎಂಬ ಪುಸ್ತಕದ ಅಂಗಡಿಯವರದಾಗಿತ್ತು. ನಮ್ಮ ಅನುಮತಿ ಇಲ್ಲದೆ ಹೇಗೆ ತೆಗೆದಿರಿ ಎಂದು ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೆಲವು ದಿನ ಓಡಿದ ಚಿತ್ರ ನಿಂತಿತು. ಪ್ರತಿ ಅಂಗಡಿಯವರ ವಶಕ್ಕೆ ಹೋಯಿತು. ಹಣ ಹಾಕಿದವರು ಮುಳುಗಿದರು.

ಆ ಡಬ್ಬಗಳು ಪುಸ್ತಕದ ಗೋದಾಮಿನಲ್ಲಿ ಮೂಲೆಗೆ ಬಿದ್ದುವು. ಊರೂರು ತಿರುಗಲಿಲ್ಲ, ಟೆಂಟಿನಲ್ಲಿ ಗೀರು ಬೀಳಲಿಲ್ಲ, ಬೆಳ್ಳಿಯ ವ್ಯಾಪಾರಿಯ ಕಣ್ಣಿಗೂ ಬೀಳಲಿಲ್ಲ. 1974ರಲ್ಲಿ ಅಲ್ಲಿಂದ ಪುಣೆಗೆ ಬಂದುವು. ದಕ್ಷಿಣ ಭಾರತದ ಮೂಕಿ ಕಥಾಚಿತ್ರಗಳಲ್ಲಿ ಇಂದು ನೋಡಸಿಗುವುದು ಇದೊಂದೇ ಎಂದು ಬಲ್ಲವರು ಹೇಳುತ್ತಾರೆ. ಜನ ಮೆಚ್ಚಿ ಮತ್ತೆ ಮತ್ತೆ ನೋಡಿದವು ಸವೆದು ಸತ್ತುವು. ನ್ಯಾಯಾಲಯ ಕೂಡಿಹಾಕಿದ್ದು ಬದುಕಿತು! ಅದರಲ್ಲಿ ಕಥೆಯ ಜತೆಗೆ ತಿರುವಾಂಕೂರಿನ ಮಹಾರಾಜರು ನಡೆದುಬರುವ ಆರಾಟ್ಟು ಮೆರವಣಿಗೆಯ ನಿಜವಾದ ದೃಶ್ಯವೂ ಸೇರಿದೆ. ಚರಿತ್ರಕಾರನಿಗೆ ಕಥೆಗಿಂತ ಅದೇ ಹೆಚ್ಚಿನ ಬೆಲೆಯದಾಗಬಹುದು.

ಅದೇ ಊರಿನ ಇನ್ನೊಂದು ಚಿತ್ರಕ್ಕೆ ಈ ಭಾಗ್ಯವಿರಲಿಲ್ಲ. ಜೆ. ಸಿ. ಡ್ಯಾನಿಯಲ್ ಅವರು ಆಸ್ತಿ ಮಾರಿ ತೆಗೆದ ‘ವಿಗತಕುಮಾರನ್’ ಮಲೆಯಾಳದ ಮೊದಲ ಚಿತ್ರ. ಅದರಲ್ಲಿ ನಾಯರ್ ಮನೆತನದ ಹುಡುಗಿಯ ಪಾತ್ರವನ್ನು ಪಿ. ಕೆ. ರೋಸಿ ಎಂಬ ದಲಿತ ತರುಣಿ ವಹಿಸಿದರು. ಅದನ್ನು ಸಹಿಸದ ಜನ ಪ್ರದರ್ಶನದ ದಿನ ತೆರೆಗೆ ಕಲ್ಲು ಹೊಡೆದರು. ರೋಸಿ ಊರು ಬಿಟ್ಟರು; ಮತ್ತೆ ಯಾವ ಚಿತ್ರದಲ್ಲೂ ಕಾಣಿಸಲಿಲ್ಲ. ಡ್ಯಾನಿಯಲ್ ಅವರನ್ನೂ ಲೋಕ ಮರೆಯಿತು. ಬಹುಕಾಲದ ಮೇಲೆ ಚೇಲಂಗಾಟ್ ಗೋಪಾಲಕೃಷ್ಣನ್ ಎಂಬ ಪತ್ರಕರ್ತರು ಅವರನ್ನು ಹುಡುಕಿ, ಕೇಳಿ, ಬರೆದು, ವಾದಿಸಿ, ಮಲೆಯಾಳ ಚಿತ್ರರಂಗದ ಪಿತಾಮಹ ಇವರೇ ಎಂದು ಒಪ್ಪಿಸಲು ವರ್ಷಗಟ್ಟಲೆ ಹೆಣಗಿದರು. ಡ್ಯಾನಿಯಲ್ 1975ರಲ್ಲಿ ತೀರಿಕೊಂಡರು. ಕೇರಳ ಸರಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಆರಂಭಿಸಿದ್ದು 1992ರಲ್ಲಿ. ಚಿತ್ರ ತೆರೆಗೆ ಬಂದದ್ದು 1928ರಲ್ಲಿ ಎಂದು ಎಲ್ಲರೂ ನಂಬಿದ್ದರು. ಆಮೇಲೆ 1930ರ ಅಕ್ಟೋಬರ್ ಎಂಬುದಕ್ಕೆ ಆಧಾರ ಹೊರಬಂತು. ಚಿತ್ರವೇ ಇಲ್ಲವಾದ ಮೇಲೆ ಎರಡು ವರ್ಷದ ಅಂತರಕ್ಕೂ ಇಷ್ಟು ಜಗ್ಗಾಟ.

ಸಂಶೋಧಕನ ಕೈಯಲ್ಲಿ ಉಳಿಯುವುದು ಆದ್ದರಿಂದ ಕಾಗದ ಮತ್ತು ನೆನಪು. ಪತ್ರಿಕೆಯ ಜಾಹೀರಾತು, ಕರಪತ್ರ, ನ್ಯಾಯಾಲಯದ ಕಾಗದ, ಸೆನ್ಸಾರಿನ ದಾಖಲೆ, ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ನೆನಪು ಹೇಳುವವರು ವರ್ಷವನ್ನು ಹಿಂದೆ ಮುಂದೆ ಮಾಡುತ್ತಾರೆ. ಅವರ ಮಾತನ್ನು ಕಾಗದದ ಪಕ್ಕದಲ್ಲಿಟ್ಟು ನೋಡಬೇಕು. ಕಾಗದವೂ ಸತ್ಯಹರಿಶ್ಚಂದ್ರನೇನಲ್ಲ. ಜಾಹೀರಾತಿನಲ್ಲಿ ‘ಕಿಕ್ಕಿರಿದ ಪ್ರೇಕ್ಷಕರು’ ಇಲ್ಲದ ಚಿತ್ರ ಯಾವುದಿದೆ?

ಇಲ್ಲಿ ಇಂದಿನ ಕೆಲವು ಸಾಕ್ಷ್ಯಚಿತ್ರಗಳ ಮೇಲೆ ನನ್ನದೊಂದು ತಕರಾರಿದೆ. ಚಿತ್ರ ಸಿಗದಿದ್ದರೆ ಯಾರನ್ನೋ ಕರೆತಂದು, ಪೇಟ ಸುತ್ತಿಸಿ, ಕಂದುಬಣ್ಣ ಬಳಿದು, ಹಳೆಯ ಗೀರುಗಳನ್ನು ಹೊಸದಾಗಿ ಹಾಕಿ, ಕೆಳಗೆ ಒಂದು ಮಾತನ್ನೂ ಬರೆಯದೆ ತೋರಿಸಿಬಿಡುತ್ತಾರೆ. ನೋಡಿದ ಮಗು ಅದೇ ನಿಜವಾದ ಹಳೆಯ ಚಿತ್ರವೆಂದುಕೊಳ್ಳುತ್ತದೆ. ಹತ್ತು ವರ್ಷ ಕಳೆದರೆ ಅದು ಇನ್ನೊಬ್ಬರ ಸಾಕ್ಷ್ಯಚಿತ್ರದಲ್ಲಿ ಆಧಾರವಾಗಿ ಬಂದು ಕೂರುತ್ತದೆ. ಇಲ್ಲದ್ದನ್ನು ಇಲ್ಲವೆಂದು ತೋರಿಸಲು ತೆರೆಯನ್ನು ಅರೆನಿಮಿಷ ಕತ್ತಲಾಗಿ ಬಿಟ್ಟರೇನು? ನೋಡುವವರಿಗೆ ನಷ್ಟದ ಅಳತೆಯಾದರೂ ತಿಳಿದೀತು.

‘ಸೆಲ್ಯುಲಾಯ್ಡ್ ಮ್ಯಾನ್’ನಲ್ಲಿ ಕನ್ನಡಿಗರು ಬೆರಗಾಗುವ ಭಾಗವೊಂದಿದೆ. ಪುಣೆಯಿಂದ ಕ್ಯಾಮರಾ ನೇರವಾಗಿ ಸಾಗರದ ಬಳಿಯ ಹೆಗ್ಗೋಡಿಗೆ ಬರುತ್ತದೆ. ಕೆ. ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲಿ ಅಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಲು ತೊಡಗಿದಾಗ, ಡಬ್ಬಗಳನ್ನು ಆ ಅಡಿಕೆಯ ಸೀಮೆಗೆ ಒದಗಿಸಿದವರು ಇದೇ ನಾಯರ್. ಸಂಗ್ರಹಾಲಯವೆಂದರೆ ಬೀಗ ಹಾಕಿಡುವ ಉಗ್ರಾಣವೆಂದು ಅವರು ತಿಳಿದಿರಲಿಲ್ಲ. ಎಂದೋ ನೋಡಿದ ಪರದೇಶದ ಚಿತ್ರಗಳನ್ನು ಹಳ್ಳಿಯ ಜನ ತಮ್ಮ ನೆರೆಮನೆಯ ಸುದ್ದಿಯೆಂಬಂತೆ ಅಲ್ಲಿ ಜ್ಞಾಪಿಸಿಕೊಳ್ಳುತ್ತಾರೆ. ನಾಯರ್ 2016ರ ಮಾರ್ಚಿನಲ್ಲಿ ತೀರಿಕೊಂಡರು. ಡುಂಗರಪುರರು ಅಷ್ಟರಲ್ಲಾಗಲೇ, 2014ರಲ್ಲಿ, ಹಳೆಯ ಚಿತ್ರಗಳನ್ನು ಉಳಿಸುವುದಕ್ಕೆಂದೇ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದ್ದರು. ಸಾಕ್ಷ್ಯಚಿತ್ರ ತೆಗೆಯಲು ಹೋದವರು ಕಾವಲುಗಾರರಾಗಿ ಹಿಂದಿರುಗಿದರು.

ಲೆಕ್ಕ ಹಾಕಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಪುಣೆಯ ಸಂಗ್ರಹಾಲಯ ಆರಂಭವಾದ ವರ್ಷ ‘ಸತಿ ಸುಲೋಚನ’ಕ್ಕೆ ಬರಿಯ ಮೂವತ್ತು ವರ್ಷ. ರಾವಣನಾಗಿದ್ದ ನಾಗೇಂದ್ರರಾಯರು ಇದ್ದರು; ಚಿತ್ರವನ್ನು ನೋಡಿದ್ದ ಸಾವಿರಾರು ಜನ ಬೆಂಗಳೂರಿನ ಬೀದಿಗಳಲ್ಲಿ ಓಡಾಡಿಕೊಂಡಿದ್ದರು. ಈಗ ಆ ಪೀಳಿಗೆ ಇಲ್ಲ. ಇದ್ದರೆ ಅವರ ಪೆಟ್ಟಿಗೆಗಳು ಇದ್ದಾವು.

ಆದ್ದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಅಟ್ಟದ ಮೇಲೆ ತಾತನವರದೋ, ನಾಟಕದ ಹುಚ್ಚಿದ್ದ ದೊಡ್ಡಪ್ಪನವರದೋ ಹಳೆಯ ಟ್ರಂಕು ಇದ್ದರೆ, ಹಬ್ಬಕ್ಕೆ ಮನೆ ಗುಡಿಸುವ ಭರದಲ್ಲಿ ಅದನ್ನು ಹಳೆಪೇಪರಿನವನಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಹಾಡಿನ ಪುಸ್ತಕ, ಕರಪತ್ರ, ಟಿಕೆಟ್ಟು, ಫೋಟೋ ಸಿಕ್ಕರೆ ಅಂಟಿಸಲು ಹೋಗಬೇಡಿ. ಒಣಗಿದ ಬಿಳಿಯ ಕಾಗದದ ನಡುವೆ ಇಟ್ಟು, ಯಾರದು, ಎಲ್ಲಿಯದು ಎಂದು ನಿಮಗೆ ತಿಳಿದಷ್ಟನ್ನು ಬೇರೆ ಚೀಟಿಯಲ್ಲಿ ಬರೆದಿಡಿ. ಫಿಲ್ಮಿನ ಡಬ್ಬವೇ ಸಿಕ್ಕರೆ, ಅದರಲ್ಲೂ 1950ಕ್ಕೆ ಹಿಂದಿನದಾದರೆ, ದೀಪದ ಬಳಿ, ಒಲೆಯ ಬಳಿ ಒಯ್ಯಬೇಡಿ. ಯಂತ್ರಕ್ಕೆ ಹಾಕಿ ಓಡಿಸುವ ಚಪಲ ಬೇಡ. ಮಕ್ಕಳ ಕೈಗಂತೂ ಕೊಡಲೇಬೇಡಿ. ಗಾಳಿಯಾಡುವ ತಂಪಾದ ಜಾಗದಲ್ಲಿಟ್ಟು ಪುಣೆಗೆ ಕಾಗದ ಬರೆಯಿರಿ. ಡಬ್ಬದ ಮೇಲೆ ಅಂಟಿಸಿದ ಚೀಟಿ ಎಷ್ಟು ಕೊಳೆಯಾಗಿದ್ದರೂ ಕೀಳಬೇಡಿ. ಚಿತ್ರದ ಹೆಸರು ಅದರ ಮೇಲೆ ಮಾತ್ರ ಇರಬಹುದು.