ಕುಲದಲ್ಲಿ ಯಾರಿಗೂ ಇರದ ಹೆಸರು

ಗೌರಿಬಿದನೂರು ಸೀಮೆಯ ಬಹಳಷ್ಟು ಮನೆಗಳಲ್ಲಿ ಗಂಡುಮಗುವಿಗೆ ಮನೆದೇವರ ಹೆಸರು, ಇಲ್ಲವೇ ತಾತನ ಹೆಸರು. ಎರಡನ್ನೂ ಬಿಟ್ಟು ಬೇರೇನೋ ಇಟ್ಟರೆ, ‘ಇದ್ಯಾವ ಹೆಸರು, ನಮ್ಮೋರಲ್ಲಿ ಯಾರಿಗಿತ್ತು?’ ಎಂದು ತೊಟ್ಟಿಲು ತೂಗಲು ಬಂದವರು ಕೇಳದೆ ಬಿಡುವುದಿಲ್ಲ. ಅದಕ್ಕೇ ಲೂಕನ ಸುವಾರ್ತೆಯ ಮೊದಲ ಅಧ್ಯಾಯ ನಮ್ಮ ಕಡೆಯ ಕಥೆಯಂತೆ ಕೇಳಿಸುತ್ತದೆ. ಮುಪ್ಪಿನಲ್ಲಿ ಹುಟ್ಟಿದ ಮಗುವಿಗೆ ಎಂಟನೆಯ ದಿನ ತಂದೆಯದೇ ಹೆಸರು, ಜಕರೀಯ ಎಂದು, ಇಡಲು ನೆಂಟರು ಸಿದ್ಧರಾಗಿದ್ದಾರೆ. ತಾಯಿ ಎಲಿಸಬೇತ್ ಒಪ್ಪುವುದಿಲ್ಲ, ಯೋಹಾನ ಎನ್ನುತ್ತಾಳೆ. ನಿಮ್ಮ ಬಂಧುಗಳಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರ ತಕರಾರು. ಮಾತು ನಿಂತುಹೋಗಿದ್ದ ತಂದೆ ಹಲಗೆ ತರಿಸಿ ಅದೇ ಹೆಸರನ್ನು ಬರೆಯುತ್ತಾನೆ. ಆಗ ಅವನ ನಾಲಿಗೆ ಸಡಿಲವಾಗುತ್ತದೆ.

ಕುರ್‌ಆನಿನ 19ನೆಯ ಅಧ್ಯಾಯ ‘ಮರ್ಯಮ್’ನಲ್ಲಿ ಇದೇ ಮಗು ಯಹ್ಯಾ. ಅಲ್ಲಿಯೂ ತಂದೆ ಝಕರಿಯ್ಯಾ ಮೂರು ರಾತ್ರಿ ಮಾತಿಲ್ಲದೆ ಇರಬೇಕಾಗುತ್ತದೆ. ಅಲ್ಲಿಯೂ ಈ ಹೆಸರು ಹಿಂದೆ ಯಾರಿಗೂ ಕೊಟ್ಟದ್ದಲ್ಲ ಎಂಬ ಮಾತು ಬರುತ್ತದೆ. ಎರಡು ಗ್ರಂಥಗಳೂ ಹೆಸರಿನ ಹೊಸತನವನ್ನೇ ಎತ್ತಿ ಹೇಳುವುದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯೊಳಗೆ ಯಹ್ಯಾರದೆಂದು ನಂಬುವ ಗೋರಿ ಇದೆ. ಕ್ರೈಸ್ತರೂ ಅದನ್ನು ಸ್ನಾನಿಕನಾದ ಯೋಹಾನನದೆಂದು ಗೌರವಿಸುತ್ತಾರೆ.

ಹೀಬ್ರೂವಿನ ಯೋಹಾನಾನ್ ಎಂದರೆ ದೇವರು ಕೃಪೆ ತೋರಿದ ಎಂದರ್ಥ. ಗ್ರೀಕರು ನಡುವಿನ ಹಕಾರವನ್ನು ಬಿಟ್ಟು ಇಯೋಆನ್ನೇಸ್ ಎಂದರು. ಅಲ್ಲಿಂದ ಮುಂದೆ ರಷ್ಯನ್ನರ ಇವಾನ್, ಸ್ಪೇನಿನ ಹುವಾನ್, ಜರ್ಮನರ ಯೋಹಾನ್ ಮತ್ತು ಹಾನ್ಸ್, ಐರ್ಲೆಂಡಿನ ಷಾನ್, ಇಂಗ್ಲಿಷರ ಜಾನ್. ಪೋರ್ಚುಗೀಸರ ಜೊತೆ ಗೋವೆಗೆ ಬಂದದ್ದು ನಮ್ಮ ಕರಾವಳಿಯ ಕೊಂಕಣಿಯಲ್ಲಿ ಜುವಾಂವ್ ಆಯಿತು. ಗೋವೆಯಲ್ಲಿ ಜೂನ್ 24ರಂದು, ಮಳೆಗಾಲದ ತುಂಬಿದ ಬಾವಿಗಳಿಗೆ ಹುಡುಗರು ಹಾರುವ ಹಬ್ಬ ಈ ಯೋಹಾನನ ಹೆಸರಿನದೇ.

ನಮ್ಮ ಬಯಲುಸೀಮೆಗೆ ಈ ಹೆಸರು ಬಂದ ದಾರಿ ಬೇರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ನಿಘಂಟುಕಾರ ವಿಲಿಯಂ ರೀವ್ ಮೊದಲಾದವರ ಜೊತೆ ಬೈಬಲನ್ನು ಕನ್ನಡಕ್ಕೆ ತಂದರು. ತೆಲುಗು ಬೈಬಲಿಗೆ ದುಡಿದವರಲ್ಲಿ ಅದೇ ಮಿಷನ್ನಿನ ಜಾನ್ ಹೇ ಒಬ್ಬರು. ಇಬ್ಬರ ಹೆಸರೂ ಜಾನ್. ಆದರೂ ಎರಡು ಬೈಬಲಿನಲ್ಲೂ ಜಾನ್ ಇಲ್ಲ. ಮೂಲಕ್ಕೆ ಹತ್ತಿರವಾದ ಯೋಹಾನ ಕನ್ನಡದಲ್ಲಿ, ಯೋಹಾನು ತೆಲುಗಿನಲ್ಲಿ ನಿಂತಿತು. ತಮ್ಮ ಹೆಸರಿನ ಇಂಗ್ಲಿಷ್ ರೂಪವನ್ನು ನಮ್ಮ ಮೇಲೆ ಹೇರದ ಆ ಶ್ರದ್ಧೆಯನ್ನು ನಾನು ಮೆಚ್ಚುತ್ತೇನೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ನಮ್ಮ ಗಡಿಯೂರುಗಳಲ್ಲಿ ಈ ಎರಡು ರೂಪಗಳ ನಡುವೆ ಇರುವುದು ಒಂದು ಕೊಂಬಿನ ಅಂತರ. ಹಿಂದೂಪುರದ ರಸ್ತೆಯಲ್ಲಿ ಅದನ್ನು ಯಾರೂ ಗಮನಿಸುವುದೂ ಇಲ್ಲ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ರೂಪ ಇನ್ನೊಂದಿದೆ. ಬೆಂಗಳೂರಿನ ಸುತ್ತಲ ಹಳೆಯ ಕ್ಯಾಥೊಲಿಕ್ ಊರುಗಳಲ್ಲಿ ಚೌರಪ್ಪ ಎಂದರೆ ಕ್ಸೇವಿಯರ್, ಇನ್ನಾಸಪ್ಪ ಎಂದರೆ ಇಗ್ನೇಷಿಯಸ್, ಅಂತೋಣಪ್ಪ ಎಂದರೆ ಆಂತೋನಿ. ಇವು ನಾಲಿಗೆಗೆ ಒಗ್ಗಿಸಿಕೊಂಡ ಹೆಸರುಗಳು. ಅರುಳಪ್ಪ ಹಾಗಲ್ಲ. ತಮಿಳು ಕ್ರೈಸ್ತರು ಯೋಹಾನನ ಉಚ್ಚಾರಣೆಯನ್ನು ಕೈಬಿಟ್ಟು, ಕೃಪೆ ಎಂಬ ಅರ್ಥವನ್ನು ಹಿಡಿದು ‘ಅರುಳ್’ನಿಂದ ಕಟ್ಟಿದ ಹೆಸರು ಅದು. ಪಾಲ್ ಎಂದರೆ ಚಿಕ್ಕವನು, ಹಾಗಾಗಿ ಚಿನ್ನಪ್ಪ. ಅದೂ ಇದೇ ಬಗೆಯದು. ಇವಾನ್, ಹುವಾನ್, ಜಾನ್ ಎನ್ನುವವರಿಗೆ ತಮ್ಮ ಹೆಸರಿನ ಅರ್ಥ ತಿಳಿಯಲು ಪುಸ್ತಕ ಬೇಕು. ಅರುಳಪ್ಪನಿಗೆ ಅವನ ತಾಯಿ ಕೂಗಿದಾಗಲೆಲ್ಲ ಅದು ಕಿವಿಗೆ ಬೀಳುತ್ತದೆ. ತಾತ ಅರುಳಪ್ಪನಾಗಿದ್ದ ಮನೆಯಲ್ಲಿ ಮೊಮ್ಮಗನಿಗೆ ಜಾನ್ ಎಂದು ಇಡುವವರಿಗೆ ನನ್ನದೊಂದು ಬೇಡಿಕೆ: ಶಾಲೆಯ ದಾಖಲೆಯಲ್ಲಿ ಜಾನ್ ಇರಲಿ, ಅದರ ಪಕ್ಕದಲ್ಲಿ ಅರುಳಪ್ಪನೂ ಇರಲಿ.