ಕಬ್ಬಿನ ಸೀಮೆಯ ಹಳೆಯ ಬೈಕುಗಳು ಮತ್ತು ಎಥೆನಾಲ್ ಪೆಟ್ರೋಲು

ಮುಧೋಳ ತಾಲ್ಲೂಕಿನ ಕುಳಲಿ ಕ್ರಾಸ್, ಉತ್ತೂರು, ತಿಮ್ಮಾಪುರ, ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿ, ಸಿದ್ದಾಪುರ, ಬೀಳಗಿಯ ಬಾಡಗಂಡಿ, ಮಹಾಲಿಂಗಪುರದ ಬಗಲಿನ ಸಮೀರವಾಡಿ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಈ ಊರುಗಳ ಹೆಸರು ಕೇಳಿದೊಡನೆ ನೆನಪಾಗುವುದು ಸಕ್ಕರೆ ಕಾರ್ಖಾನೆಗಳ ಚಿಮಣಿಗಳು. ಈಗ ಆ ಚಿಮಣಿಗಳ ಪಕ್ಕದಲ್ಲಿ ಡಿಸ್ಟಿಲರಿಗಳೂ ಎದ್ದು ನಿಂತಿವೆ. ದೇಶದ ದೊಡ್ಡ ಎಥೆನಾಲ್ ಉತ್ಪಾದಕರಲ್ಲಿ ಒಂದೆನಿಸಿ 2025ರ ಅಕ್ಟೋಬರಿನಲ್ಲಿ ಷೇರುಪೇಟೆಗೆ ಬಂದ ಟ್ರೂಆಲ್ಟ್ ಬಯೋಎನರ್ಜಿಯ ಬೇರು ಇರುವುದು ಇದೇ ಬಾಗಲಕೋಟೆ ಜಿಲ್ಲೆಯಲ್ಲಿ. ಹೊಲದ ಕಬ್ಬು ಇಂಧನವಾಗಿ ಟ್ಯಾಂಕರ್ ಏರಿ ಹೋಗುತ್ತದೆ. ಪೆಟ್ರೋಲಿನೊಂದಿಗೆ ಬೆರೆತು ಅದೇ ಹೊಲದ ಮಗನ ಬೈಕಿನ ಟ್ಯಾಂಕಿಗೆ ಮರಳುತ್ತದೆ. ವಿಪರ್ಯಾಸವೆಂದರೆ, ಹೀಗೆ ಮರಳಿದ ಇಂಧನದ ಬಗ್ಗೆ ಹೆಚ್ಚು ಗೊಣಗುವವರಲ್ಲಿ ಈ ಸೀಮೆಯ ಬೈಕ್ ಪ್ರಿಯರೂ ಸೇರಿದ್ದಾರೆ.

ಅವರ ಗೊಣಗಾಟವನ್ನು ಕೇವಲ ಹವ್ಯಾಸಿಗಳ ಹಟವೆಂದು ತಳ್ಳಿಹಾಕುವಂತಿಲ್ಲ. ಪ್ರಧಾನಿ ನರೇಂದ್ರ ಮೋದಿಯವರು ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ನೀಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿಯೇ. ಆಗ ಅದು 11 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಿಗಷ್ಟೇ ಸೀಮಿತವಾಗಿತ್ತು. 2014ರಲ್ಲಿ ಶೇ. 1.5ರಷ್ಟಿದ್ದ ಮಿಶ್ರಣ, 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಐದು ವರ್ಷ ಮೊದಲೇ, ಅಂದರೆ 2025ರಲ್ಲಿ ಮುಟ್ಟಿತು. ವೇಗವೇನೋ ಮೆಚ್ಚತಕ್ಕದ್ದೇ. ಆದರೆ ಇಂಧನ ಬದಲಾದಷ್ಟು ಬೇಗ ವಾಹನಗಳು ಬದಲಾಗಲಿಲ್ಲ. ಈ ಪೆಟ್ರೋಲನ್ನು ತಾಳುವ ಬಿಡಿಭಾಗಗಳಿರುವ ವಾಹನಗಳು ಮಾರುಕಟ್ಟೆಗೆ ಬಂದದ್ದು 2023ರ ಏಪ್ರಿಲ್‌ನಿಂದ. ಅದಕ್ಕೆಂದೇ ಎಂಜಿನ್ ಹೊಂದಿಸಿದ ವಾಹನಗಳು ಬಂದದ್ದು 2025ರ ಏಪ್ರಿಲ್‌ನಿಂದ. ಅದಕ್ಕೂ ಮೊದಲು ಕೊಂಡ ಬೈಕುಗಳೇ ರಬಕವಿ-ಬನಹಟ್ಟಿಯ ನೇಕಾರನ ಮನೆಯ ಮುಂದೆಯೂ, ಬೀಳಗಿಯ ಮೇಷ್ಟರ ಅಂಗಳದಲ್ಲಿಯೂ ನಿಂತಿವೆ.

ಇವುಗಳಲ್ಲಿ ಎರಡು ಬೈಕುಗಳ ಮಾತೇ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಯೆಜ್ಡಿ ಮೊದಲನೆಯದು. 1960ರ ದಶಕದ ಆರಂಭದಲ್ಲಿ ಉತ್ಪಾದನೆಗೆ ತೊಡಗಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಮತ್ತೊಂದು, ಅದೇ ವರ್ಷ ಉತ್ಪಾದನೆ ನಿಲ್ಲಿಸಿದ ಯಮಹಾ ಆರ್‌ಎಕ್ಸ್ 100. ಉತ್ತರ ಕರ್ನಾಟಕದ ಯುವಕರಲ್ಲಿ ಈ ಎರಡನೆಯದರ ಗೀಳು ಎಷ್ಟೆಂದರೆ, ತಮ್ಮ ಜನನಕ್ಕೂ ಮೊದಲಿನ ಬೈಕನ್ನು ಹುಡುಕಿ, ಹೊಸ ಬೈಕಿನ ಬೆಲೆ ತೆತ್ತು ಕೊಳ್ಳುವವರಿದ್ದಾರೆ. ಎರಡೂ ಟೂ ಸ್ಟ್ರೋಕ್ ಎಂಜಿನ್‌ಗಳು; ಎರಡೂ ಶುದ್ಧ ಪೆಟ್ರೋಲಿನ ಕಾಲದವು.

ತೊಂದರೆಯ ಮೂಲ ರಸಾಯನಶಾಸ್ತ್ರದಲ್ಲಿದೆ. ಎಥೆನಾಲಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾದರೆ, ಎಥೆನಾಲಿಗೆ 9 ಗ್ರಾಂ ಸಾಕು. ಶೇ. 20 ಮಿಶ್ರಣಕ್ಕೆ ಈ ಪ್ರಮಾಣ 13.5ರ ಆಸುಪಾಸು ಬರುತ್ತದೆ. ಇಂದಿನ ಫ್ಯೂಯೆಲ್ ಇಂಜೆಕ್ಷನ್ ಬೈಕಿನಲ್ಲಿ ಸೈಲೆನ್ಸರ್ ಬಳಿಯ ಆಕ್ಸಿಜನ್ ಸೆನ್ಸರ್ ಇದನ್ನು ಗ್ರಹಿಸಿ ಇಂಧನವನ್ನು ತುಸು ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಅಂಥ ಮೆದುಳಿಲ್ಲ. ಅದರ ಜೆಟ್ಟಿನ ರಂಧ್ರ ಎಷ್ಟು ಅಗಲವೋ ಅಷ್ಟೇ ಇಂಧನ. ಪರಿಣಾಮ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ. ಫೋರ್ ಸ್ಟ್ರೋಕ್ ಬೈಕಿನಲ್ಲಿ ಇದು ಬೆಳಗಿನ ಸ್ಟಾರ್ಟಿಂಗ್ ತೊಂದರೆ, ಎಳೆತದ ಕೊರತೆಯಲ್ಲಿ ಮುಗಿದೀತು. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಎಣ್ಣೆ ತಲುಪುವುದೂ ತಂಪು ಸಿಗುವುದೂ ಬಹುಮಟ್ಟಿಗೆ ಇಂಧನದ ಜೊತೆಗೇ. ಬೇಸಿಗೆಯ ಮಧ್ಯಾಹ್ನ ವಿಜಯಪುರ ರಸ್ತೆಯಲ್ಲಿ ಕೊಲ್ಹಾರ ಸೇತುವೆಯತ್ತ ಪೂರ್ತಿ ಥ್ರಾಟಲ್ ತಿರುವಿ ಹೊರಟ ಆರ್‌ಎಕ್ಸ್ ನಡುದಾರಿಯಲ್ಲಿ ಪಿಸ್ಟನ್ ಹಿಡಿದು ನಿಂತರೆ, ಹಿಂದಿನ ಗಾಲಿಯೂ ಒಮ್ಮೆಲೇ ಬಿಗಿದುಕೊಳ್ಳುತ್ತದೆ. ಅದು ಗ್ಯಾರೇಜಿನ ಖರ್ಚಿನ ಪ್ರಶ್ನೆ ಮಾತ್ರವಲ್ಲ, ಸವಾರನ ಜೀವದ ಪ್ರಶ್ನೆ.

ಎರಡನೆಯ ಗುಣ ನೀರಿನ ಸೆಳೆತ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಎಥೆನಾಲೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನು ಮೊದಲು ಕುಡಿಯುವುದು ಆ ತಳದ್ದನ್ನೇ. ಮಳೆಗಾಲದ ನಾಲ್ಕು ತಿಂಗಳು ಹಬ್ಬಕ್ಕೊಮ್ಮೆ, ಜಾತ್ರೆಗೊಮ್ಮೆ ತೆಗೆಯುವ ಯೆಜ್ಡಿಯ ಟ್ಯಾಂಕಿನೊಳಗೆ ತುಕ್ಕು ಹಿಡಿಯುವುದು ಹೀಗೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ವಾಷರ್, ಕಾರ್ಬುರೇಟರಿನ ಸೂಜಿಯ ತುದಿ ಉಬ್ಬುವುದು, ಬಿರುಕು ಬಿಡುವುದು ಮೂರನೆಯ ಉಪದ್ರವ.

ಊರಿನ ಮೆಕ್ಯಾನಿಕ್‌ಗಳು ಇದಕ್ಕೆ ಕೈಕಟ್ಟಿ ಕುಳಿತಿಲ್ಲ. ಮೇನ್ ಜೆಟ್ಟನ್ನು ಒಂದೆರಡು ಅಳತೆ ದೊಡ್ಡದಾಗಿಸುವುದು, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು (ಇಟ್ಟಿಗೆಯ ಕಂದು ಇದ್ದರೆ ಕ್ಷೇಮ, ಸುಣ್ಣದ ಬಿಳುಪು ಇದ್ದರೆ ಅಪಾಯ), ಪೈಪುಗಳನ್ನು ವೈಟಾನ್ ರಬ್ಬರಿನವಕ್ಕೆ ಬದಲಾಯಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಫ್ಲೋಟ್ ಬೌಲನ್ನು ಬರಿದು ಮಾಡುವುದು: ಇವು ಬಲ್ಲವರು ಮಾಡುವ ಕೆಲಸಗಳು. ಈ ಸೀಮೆಯಲ್ಲಿ ಏರ್ ಫಿಲ್ಟರಿನ ಮೇಲೂ ಕಣ್ಣಿಡಬೇಕು. ಎರೆಮಣ್ಣಿನ ಧೂಳು, ಹಂಗಾಮಿನಲ್ಲಿ ಸುಟ್ಟ ಕಬ್ಬಿನ ರವದಿಯ ಬೂದಿ ಅದನ್ನು ಬೇಗ ಕಟ್ಟಿಹಾಕುತ್ತವೆ. ಇಲ್ಲಿಯೇ ಯುವಕರು ಎಡವುವುದೂ ಉಂಟು. ಎಳೆತ ಕಡಿಮೆಯಾಯಿತೆಂದು ಫಿಲ್ಟರ್ ಕಿತ್ತೆಸೆದು, ಸೈಲೆನ್ಸರಿನ ಒಳಕೊಳವೆ ತೆಗೆಸಿದರೆ ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ. ಟೂ ಸ್ಟ್ರೋಕಿನ ಸೈಲೆನ್ಸರ್ ಬರಿಯ ಹೊಗೆ ಕೊಳವೆಯಲ್ಲ; ಅದರೊಳಗಿನ ಒತ್ತಡದ ಅಲೆ ಹೊರಬೀಳುವ ಇಂಧನವನ್ನು ಸಿಲಿಂಡರಿಗೆ ಹಿಂದಕ್ಕೆ ನೂಕುತ್ತದೆ. ಸದ್ದು ಹೆಚ್ಚಿದ್ದನ್ನೇ ಶಕ್ತಿ ಹೆಚ್ಚಿತೆಂದು ಭ್ರಮಿಸಿದವರು ಊರಿನ ಶಾಪಕ್ಕೂ, ಮೋಟಾರು ವಾಹನ ಕಾಯ್ದೆಯ ದಂಡಕ್ಕೂ ಗುರಿಯಾಗುತ್ತಾರೆ.

ಸರ್ಕಾರ ಏನನ್ನುತ್ತದೆ? ನೀತಿ ಆಯೋಗದ 2021ರ ವರದಿಯ ಪ್ರಕಾರ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ. 10 ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ. 3ರಿಂದ 4ರಷ್ಟು ಇಳಿಯುತ್ತದೆ. ಲೀಟರಿಗೆ 60 ಕಿ.ಮೀ. ಓಡುವ ಬೈಕಿಗೆ ಎರಡು ಕಿ.ಮೀ. ನಷ್ಟ, ಸಹಿಸಬಹುದು. ಆದರೆ ಈ ವಾಕ್ಯವನ್ನು ಎಚ್ಚರದಿಂದ ಓದಬೇಕು. ಯೆಜ್ಡಿಯಾಗಲಿ ಆರ್‌ಎಕ್ಸ್ ಆಗಲಿ ಶೇ. 10ಕ್ಕೂ ಹೊಂದಿಸಿದ ವಾಹನಗಳಲ್ಲ. ಈ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ನೀಡಿದ ಸ್ಪಷ್ಟನೆಯಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20 ಸಾವಿರದಿಂದ 30 ಸಾವಿರ ಕಿ.ಮೀ. ಬಳಿಕ ರಬ್ಬರ್ ಭಾಗಗಳನ್ನು ಬದಲಾಯಿಸಬೇಕಾದೀತು ಎಂದು ಒಪ್ಪಿಕೊಂಡಿದೆ. ಆ ಖರ್ಚು ಅಲ್ಪವೆಂಬ ಸಮಾಧಾನವೂ ಜೊತೆಗಿದೆ. ಅಲ್ಪವಾದರೂ ಅದು ಬೀಳುವುದು ಸವಾರನ ಜೇಬಿಗೇ. ಅದೇ ತಿಂಗಳು, 20 ವರ್ಷ ಮೀರಿದ ಬೈಕಿನ ನೋಂದಣಿ ನವೀಕರಣ ಶುಲ್ಕ 2,000 ರೂಪಾಯಿಗೆ ಏರಿತು. ಎಥೆನಾಲ್ ಅಗ್ಗವೆಂಬ ಹಳೆಯ ವಾದವೂ ನಿಂತಿಲ್ಲ: 2024-25ರಲ್ಲಿ ತೈಲ ಕಂಪನಿಗಳು ಅದನ್ನು ಕೊಂಡ ಸರಾಸರಿ ಬೆಲೆ ಲೀಟರಿಗೆ 71.32 ರೂಪಾಯಿ. ಬಂಕಿನಲ್ಲಿ ಬೆಲೆ ಇಳಿಯಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಎಥೆನಾಲ್ ರಹಿತ ಪೆಟ್ರೋಲನ್ನೂ ಒದಗಿಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು.

ಹಾಗೆಂದು ಎಥೆನಾಲನ್ನೇ ಖಳನನ್ನಾಗಿಸುವುದು ಈ ಜಿಲ್ಲೆಯಲ್ಲಿ ಸುಲಭವಲ್ಲ, ನ್ಯಾಯವೂ ಅಲ್ಲ. ಹನ್ನೊಂದು ವರ್ಷಗಳಲ್ಲಿ 1.44 ಲಕ್ಷ ಕೋಟಿ ರೂಪಾಯಿಯ ವಿದೇಶಿ ವಿನಿಮಯ ಉಳಿಯಿತೆಂದು ಕೇಂದ್ರ ಹೇಳುತ್ತದೆ. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯುವುದಕ್ಕೆ ಕಡಿವಾಣ ಬಿದ್ದಾಗ ಕಾರ್ಖಾನೆಗಳು ತತ್ತರಿಸಿದ್ದವು. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಬೀದಿಗಿಳಿದರು. ಸರ್ಕಾರ 3,300ಕ್ಕೆ ಒಪ್ಪಿಸಿದರೂ ಮುಧೋಳ ಭಾಗದಲ್ಲಿ ಕಾವು ಆರದೆ, ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತು. ಆ ದಿನಗಳಲ್ಲಿಯೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು, 270 ಕೋಟಿ ಲೀಟರ್ ಸಾಮರ್ಥ್ಯದ ರಾಜ್ಯಕ್ಕೆ ಕೇಂದ್ರ ಹಂಚಿದ್ದು 47 ಕೋಟಿ ಲೀಟರ್ ಮಾತ್ರ ಎಂದು ದೂರಿದರು. ಒಂದೇ ಮನೆಯಲ್ಲಿ ತಂದೆ ಎಥೆನಾಲ್ ಹೆಚ್ಚು ಮಾರಾಟವಾಗಲಿ ಎನ್ನುತ್ತಾನೆ, ಮಗ ನನ್ನ ಬೈಕಿಗೆ ಅದು ಬೇಡ ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ.

ರೇಸ್ ಟ್ರ್ಯಾಕಿನ ಅನುಭವ ಇಲ್ಲಿ ಕಣ್ಣು ತೆರೆಸುವಂಥದ್ದು. ಅಲ್ಲಿ ಎಥೆನಾಲ್ ಶತ್ರುವಲ್ಲ. ಅದರ ಆಕ್ಟೇನ್ ಮಟ್ಟ ಪೆಟ್ರೋಲಿಗಿಂತ ಎತ್ತರ; ಹೆಚ್ಚು ಕಂಪ್ರೆಷನ್ನಿನ ಎಂಜಿನ್ನಿಗೆ ಅದು ವರ. ಮೋಟೋಜಿಪಿ ಸ್ಪರ್ಧೆಗಳಲ್ಲಿ 2024ರಿಂದ ಕನಿಷ್ಠ ಶೇ. 40ರಷ್ಟು ಪಳೆಯುಳಿಕೆಯೇತರ ಇಂಧನ ಕಡ್ಡಾಯ. 2027ಕ್ಕೆ ಅದು ಶೇ. 100 ಆಗಬೇಕೆಂಬುದು ನಿಯಮ. ಆದರೆ ಟ್ರ್ಯಾಕಿನಲ್ಲಿ ಇಂಧನ ಬದಲಾದರೆ ಮೊದಲು ಎಂಜಿನ್ ಬದಲಾಗುತ್ತದೆ. ರಸ್ತೆಯಲ್ಲಿ ಆದದ್ದು ತಿರುಗುಮುರುಗು. ಈ ಪಾಠ ಕಲಿಯಲು ನಮ್ಮ ಹುಡುಗರಿಗೆ ಟ್ರ್ಯಾಕಾದರೂ ಎಲ್ಲಿದೆ? ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ಇಬ್ಬರೂ ಬೆಂಗಳೂರಿನವರು. ಆದರೂ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲೋ ಕೊಯಮತ್ತೂರಿನಲ್ಲೋ ಇರುವಂಥ ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ಕರ್ನಾಟಕದಲ್ಲಿಲ್ಲ. ಜಮಖಂಡಿಯಿಂದ ಚೆನ್ನೈಗೆ 800 ಕಿ.ಮೀ.ಗೂ ಹೆಚ್ಚು ದಾರಿ. ಸೈಕ್ಲಿಂಗಿಗೆ ಬಾಗಲಕೋಟೆ, ವಿಜಯಪುರಗಳಲ್ಲಿ ಕ್ರೀಡಾ ವಸತಿ ನಿಲಯಗಳಿವೆ, ಅಲ್ಲಿಂದ ರಾಷ್ಟ್ರಮಟ್ಟದ ಸವಾರರು ಬಂದಿದ್ದಾರೆ. ಎಂಜಿನ್ ಹಚ್ಚಿದೊಡನೆ ಅದೇ ಹುಡುಗನಿಗೆ ಉಳಿಯುವುದು ಹೆದ್ದಾರಿ ಮಾತ್ರ. ಅಲ್ಲಿ ಕತ್ತಲಾದ ಮೇಲೆ ಪ್ರತಿಫಲಕವಿಲ್ಲದ ಜೋಡಿ ಟ್ರೇಲರುಗಳು ಕಬ್ಬು ಹೇರಿಕೊಂಡು ಸಾಲುಗಟ್ಟಿರುತ್ತವೆ.

ಬೇರೆಡೆ ದಾರಿಗಳು ಕಂಡಿವೆ. ಬ್ರೆಜಿಲ್‌ನಲ್ಲಿ ಹೋಂಡಾ 2009ರಲ್ಲಿಯೇ ಪೆಟ್ರೋಲು, ಎಥೆನಾಲ್ ಎರಡನ್ನೂ ಯಾವ ಪ್ರಮಾಣದಲ್ಲಾದರೂ ಕುಡಿಯುವ ಬೈಕನ್ನು ಮಾರಿತು. ಬ್ರಿಟನ್ 2021ರಲ್ಲಿ ಶೇ. 10 ಮಿಶ್ರಣವನ್ನು ಸಾಮಾನ್ಯ ಪೆಟ್ರೋಲಾಗಿಸಿದಾಗ, ಹಳೆಯ ವಾಹನಗಳಿಗೆಂದು ಶೇ. 5ರ ದರ್ಜೆಯನ್ನು ಉಳಿಸಿಕೊಂಡಿತು. ನಮ್ಮಲ್ಲಿ ಟಿವಿಎಸ್ 2019ರ ಜುಲೈನಲ್ಲಿ ಪೂರ್ತಿ ಎಥೆನಾಲಿನ ಅಪಾಚೆಯನ್ನು ತಂದು, ಕರ್ನಾಟಕವೂ ಸೇರಿ ಮೂರು ರಾಜ್ಯಗಳನ್ನು ಆರಿಸಿತ್ತು. ಆ ಇಂಧನ ಬಂಕಿಗೆ ಬಂದದ್ದು 2024ರ ಮಾರ್ಚಿನಲ್ಲಿ, ಐದು ರಾಜ್ಯಗಳ 183 ಕಡೆ. ಬೈಕು ಬಂದಾಗ ಇಂಧನವಿರಲಿಲ್ಲ, ಇಂಧನ ಬಂದಾಗ ಬೈಕು ಮರೆತುಹೋಗಿತ್ತು.

ಮುಧೋಳ, ಜಮಖಂಡಿಯಂಥ ಪಟ್ಟಣಗಳಲ್ಲಿ ಒಂದೊಂದು ಬಂಕಿನಲ್ಲಾದರೂ ಶೇ. 10ರ ನಳಿಕೆಯನ್ನು ಉಳಿಸುವುದು ತೈಲ ಕಂಪನಿಗಳಿಗೆ ದೊಡ್ಡ ಹೊರೆಯೇನಲ್ಲ. ಜೆಟ್ಟು, ಪೈಪು, ವಾಷರುಗಳ ಕಿಟ್ಟನ್ನು ಕಂಪನಿಗಳೇ ನಿಗದಿತ ಬೆಲೆಗೆ ಒದಗಿಸಬಹುದು. ಅದನ್ನು ಕೂರಿಸುವ ಕ್ರಮವನ್ನು ಐಟಿಐಗಳ ಮೂಲಕ ಮೆಕ್ಯಾನಿಕ್‌ಗಳಿಗೆ ಕಲಿಸಬಹುದು. ಎಥೆನಾಲಿನಿಂದ ಲಾಭ ಕಂಡ ಕಾರ್ಖಾನೆಗಳೂ ಇದಕ್ಕೆ ಕೈ ಜೋಡಿಸಬಹುದು. ಈ ಯಾವುದೂ ಈವರೆಗೆ ಅಧಿಕೃತ ಚರ್ಚೆಯ ಮುನ್ನೆಲೆಗೆ ಬಂದಿಲ್ಲ. ಸದ್ಯಕ್ಕೆ ಮಿಶ್ರಣವನ್ನು ಶೇ. 20ರಿಂದಾಚೆಗೆ ಏರಿಸುವ ಮಾತುಗಳೇ ಹೆಚ್ಚು ಕೇಳಿಬರುತ್ತಿವೆ.